ಎಕಂಬಾ ಅಂದರೆ ಚಿಂತಾಕಿ

ಔರಾದಿನ ಬಸ್ ನಿಲ್ದಾಣದ ಹಿಂದೆ ಗಾದಿ ಅಂಗಡಿ ಇಟ್ಟಿರುವ ಬದ್ರೋದ್ದೀನನನ್ನು ಊರಿನ ಜನ ಕಣ್ಣು ಮುಚ್ಚಿ ನಂಬುತ್ತಾರೆ. ಹೊಸ ಹತ್ತಿ ಎಂದರೆ ಹೊಸ ಹತ್ತಿಯೇ. ಹಳೆಯ ಹತ್ತಿಯನ್ನು ನಡುವೆ ತುರುಕಿ ಮೇಲೊಂದು ಪದರ ಬಿಳಿ ಹತ್ತಿ ಹಾಸಿ ಹೊಲಿದುಕೊಡುವ ಕೈಚಳಕ ಅವನಿಗೆ ಬರುವುದಿಲ್ಲ. ನಾಡಿದ್ದು ಕೊಡುತ್ತೇನೆ ಎಂದರೆ ನಾಡಿದ್ದೇ ಕೊಡುತ್ತಾನೆ, ಅದೂ ಮದುವೆಯ ಸೀಜನ್ನಿನಲ್ಲಿ. ಐವತ್ತೆಂಟು ವರ್ಷದ ಈ ಮನುಷ್ಯ ಒಂದೇ ಒಂದು ವಿಷಯದಲ್ಲಿ ಶುದ್ಧ ಸುಳ್ಳುಗಾರ. ಗಾಳ ಹಾಕಲು ಎಲ್ಲಿಗೆ ಹೊರಟೆ ಎಂದು ಕೇಳಿದರೆ ಅವನ ಬಾಯಿಂದ ನಿಜ ಹೊರಡುತ್ತಿರಲಿಲ್ಲ. ಹೋದ ಸೆಪ್ಟೆಂಬರಿನ ಒಂದು ಮಂಗಳವಾರ, ಮೂವತ್ತೈದು ವರ್ಷದಲ್ಲಿ ಮೊದಲ ಸಲ, ಅವನು ನಿಜ ಹೇಳಿದ. ಅದೇ ತನ್ನ ಜೀವಕ್ಕೆ ಸಂಚಕಾರ ತಂದಿತೆಂದುಕೊಂಡ.

ಸುಳ್ಳು ಅವನ ಸ್ವಂತದ್ದಲ್ಲ, ಗುರುವಿನ ಮನೆಯಿಂದ ಬಂದದ್ದು. ಹರೆಯದಲ್ಲಿ ಅವನು ಬೀದರಿನಲ್ಲಿ ಖಾಜಾ ಮಿಯಾ ಎಂಬ ಹಿರಿಯರ ಹತ್ತಿರ ಹತ್ತಿ ಹಿಂಜುವುದನ್ನೂ ಗಾದಿ ಹೊಲಿಯುವುದನ್ನೂ ಕಲಿತ. ಖಾಜಾ ಮಿಯಾ ವಾರಕ್ಕೆ ಆರು ದಿನ ಗಾದಿ ಹೊಲಿದು ಒಂದು ದಿನ ಗಾಳದ ಕೋಲು ಹೆಗಲಿಗೇರಿಸಿ ಮಾಯವಾಗುತ್ತಿದ್ದರು. ಹೋಗುವಾಗ ಯಾರಾದರೂ ಕೇಳಿದರೆ ಪೂರ್ವಕ್ಕೆ ಹೋಗುವವರು ಪಶ್ಚಿಮ ಎನ್ನುತ್ತಿದ್ದರು.

"ಬೇಟಾ, ನೀರಿನ ಹೆಸರು ಬಾಯಾಗ ತರಬ್ಯಾಡ. ಮೀನಿಗಿ ಗೊತ್ತಾಗ್ತದ. ಯಾರರ ಕೇಳಿದ್ರ ಉಲ್ಟಾ ಹೇಳು, ಸುಮ್ನ ನಡಿ," ಎಂದು ಅವರು ಶಿಷ್ಯನಿಗೆ ಹೇಳಿಕೊಟ್ಟರು.

ಮೀನಿಗೆ ಗೊತ್ತಾಗುತ್ತದೋ ಇಲ್ಲವೋ, ಪಕ್ಕದ ಓಣಿಯವನಿಗಂತೂ ಗೊತ್ತಾಗುತ್ತದೆ, ಮುಂದಿನ ವಾರ ಅದೇ ನೀರಿನಲ್ಲಿ ಹತ್ತು ಗಾಳ ಬೀಳುತ್ತವೆ. ನನ್ನನ್ನು ಕೇಳಿದರೆ ಅಸಲು ಕಾರಣ ಇಷ್ಟೇ. ಆದರೆ ಬದ್ರೋದ್ದೀನ ಗುರುವಿನ ಮಾತನ್ನು ನಮಾಜಿನಷ್ಟೇ ನಿಷ್ಠೆಯಿಂದ ಪಾಲಿಸಿದ.

ಔರಾದಿಗೆ ಬಂದು ನೆಲೆಸಿದ ಮೇಲೆ ಅವನಿಗೆ ಎರಡು ನೀರು ಒಗ್ಗಿದವು. ಒಂದು ಚಿಂತಾಕಿ ಕಡೆಯ ಕೆರೆ. ಇನ್ನೊಂದು ಎಕಂಬಾ ಕಡೆ, ಗುಡ್ಡದ ಹಿಂದೆ ಬಂಡೆಗಳ ಸಂದಿಯಲ್ಲಿ ಹರಿಯುವ ಹಳ್ಳದ ಮಡುವು. ಕೆರೆಗೆ ಗಾಡಿ ಹೋಗುತ್ತದೆ. ಮಡುವಿಗೆ ಹೋಗಬೇಕೆಂದರೆ ಹೊಲದ ಬದುವಿನಲ್ಲಿ ಸ್ಕೂಟರು ನಿಲ್ಲಿಸಿ ಅರ್ಧ ತಾಸು ಗುಡ್ಡ ಹತ್ತಿ ಇಳಿಯಬೇಕು. ದನ ಮೇಯಿಸುವವರೂ ಅತ್ತ ಇಳಿಯುವುದಿಲ್ಲ. ಕೆಳಗೆ ನೀರು ತಣ್ಣಗೆ, ಕಪ್ಪಗೆ, ಸದ್ದಿಲ್ಲದೆ ನಿಂತಿರುತ್ತದೆ. ಅದರೊಳಗೆ ಮರಲ್ ಮೀನು, ಹಾವಿನ ತಲೆ, ತೊಡೆಯಷ್ಟು ದಪ್ಪ ಮೈ. ಅದು ಒಮ್ಮೆ ಎಳೆದರೆ ಬಿದಿರಿನ ಕೋಲು ಬಾಗಿ ನೀರು ಮುಟ್ಟುತ್ತದೆ. ಆ ಒಂದು ಎಳೆತಕ್ಕಾಗಿ ಬದ್ರೋದ್ದೀನ ಇಡೀ ವಾರ ಹತ್ತಿಯ ಧೂಳು ಕುಡಿಯುತ್ತಿದ್ದ.

ಎಕಂಬಾಕ್ಕೆ ಹೊರಟ ದಿನ ಚಿಂತಾಕಿ ಎನ್ನುವುದು, ಚಿಂತಾಕಿಗೆ ಹೊರಟ ದಿನ ಎಕಂಬಾ ಎನ್ನುವುದು. ಚಹಾದಂಗಡಿಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ತಮಾಷೆ. "ಬದ್ರೂಭಾಯಿ ಎಕಂಬಾ ಅಂದ್ರ ಚಿಂತಾಕಿಗಿ ಹುಡುಕ್ರಿ," ಎಂದು ಮೊದಲು ಕಂಡುಹಿಡಿದವನು ಹಾವಗೆಪ್ಪ. ತಾಲ್ಲೂಕು ಕಚೇರಿಯ ನಿವೃತ್ತ ಜವಾನ, ಲಿಂಗ ಕಟ್ಟಿದವ, ಜನ್ಮದಲ್ಲಿ ಮೀನಿನ ಚೂರು ಬಾಯಿಗಿಟ್ಟವನಲ್ಲ. ಆದರೂ ಗಾಳದ ಬೆಂಡು ಮುಳುಗುವುದನ್ನು ನೋಡುವ ಹುಚ್ಚು. ಹಿಡಿದ ಮೀನಿನ ಬಾಯಿಂದ ಗಾಳ ಬಿಡಿಸಿ, "ಹೋಗಪ್ಪಾ, ಇನ್ನ ಮ್ಯಾಲರ ಶಾಣ್ಯಾ ಆಗು," ಎಂದು ಬುದ್ಧಿ ಹೇಳಿ ನೀರಿಗೆ ಬಿಡುತ್ತಿದ್ದ. ಇಪ್ಪತ್ತೆರಡು ವರ್ಷ ಬದ್ರೋದ್ದೀನ ಈ ಗೆಳೆಯನಿಲ್ಲದೆ ನೀರಿಗೆ ಹೋದದ್ದಿಲ್ಲ.

ಮನೆಯಲ್ಲಿ ಹೆಂಡತಿ ಸುಗರಾ ಬಾಗಿಲ ತನಕ ಬಂದು ಪ್ರತಿ ಸಲ ಕೇಳುತ್ತಿದ್ದಳು, "ಎಲ್ಲಿಗ್ರಿ ಇವತ್ತ?" ಇವನು ಉಲ್ಟಾ ಹೇಳುತ್ತಿದ್ದ. ಅವಳು "ಹುಂ, ಜಲ್ದಿ ಬರ್ರಿ," ಎಂದು ರೊಟ್ಟಿಯ ಗಂಟು ಕೈಗಿಡುತ್ತಿದ್ದಳು. ಅವರ ಮನೆಮಾತು ದಖನಿ, ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ. ಊರಿಗೆಲ್ಲ ಗೊತ್ತಿರುವ ಆಟ ಹೆಂಡತಿಗೆ ಗೊತ್ತಿಲ್ಲದೆ ಇರುತ್ತದೆಯೇ ಎಂದು ಬದ್ರೋದ್ದೀನ ತನ್ನಷ್ಟಕ್ಕೆ ತಿಳಿದುಕೊಂಡಿದ್ದ. ಗೊತ್ತಿದೆಯಾ ಎಂದು ಕೇಳುವ ಪ್ರಸಂಗ ಬರಲಿಲ್ಲ.

ಆ ಮಂಗಳವಾರ ಹಾವಗೆಪ್ಪ ತಂಗಿಯ ಮಗಳ ನಿಶ್ಚಯಕ್ಕೆಂದು ನಸುಕಿನ ಬಸ್ಸಿಗೆ ಭಾಲ್ಕಿಗೆ ಹೋಗಿದ್ದ. ಬೇಡವೆಂದರೂ ಬದ್ರೋದ್ದೀನನ ಮನಸ್ಸು ತಡೆಯಲಿಲ್ಲ. ನಾಲ್ಕು ದಿನ ಮಳೆ ಬಿದ್ದು ನಿಂತಿತ್ತು. ಹೊಸ ನೀರು ತಿಳಿಯಾಗುವ ಹೊತ್ತು ಮರಲ್ ಹಸಿದಿರುತ್ತದೆ. ಕೋಲು ತೆಗೆದುಕೊಂಡು ಬಾಗಿಲಿಗೆ ಬಂದಾಗ ಎದೆಯಲ್ಲಿ ಏನೋ ಅಳುಕಿತು. ಒಬ್ಬನೇ ಹೋಗುವುದು, ಆ ಬಂಡೆ, ಆ ಕಪ್ಪು ನೀರು.

"ಎಲ್ಲಿಗ್ರಿ ಇವತ್ತ?" ಎಂದಳು ಸುಗರಾ.

"ಎಕಂಬಾ," ಎಂದ. ದನಿ ತಗ್ಗಿತ್ತು. "ಗುಡ್ಡದ ಹಿಂದ, ಹಳ್ಳದ ಮಡುವಿಗಿ. ದುಕಾನ ತೆಗಿಯೋ ಹೊತ್ತಿಗಿ ಬರ್ತೇನಿ."

"ಹುಂ, ಜಲ್ದಿ ಬರ್ರಿ."

ನಿಜ ಹೇಳಿದ್ದರಿಂದ ಅವನಿಗೆ ಸ್ವಲ್ಪ ಧೈರ್ಯ ಬಂತು. ಅಷ್ಟೇ ಸಾಕು ಎಂದುಕೊಂಡು ಸ್ಕೂಟರು ಒದ್ದ.

ಹೊಲದ ಬದುವಿನಲ್ಲಿ ಗಾಡಿ ನಿಲ್ಲಿಸಿ ಫೋನನ್ನು ಅದರ ಡಿಕ್ಕಿಯಲ್ಲಿಟ್ಟ. ಇದೂ ಅವನ ಪದ್ಧತಿಯೇ. ನೀರಿನ ಹತ್ತಿರ ಫೋನು ರಿಂಗಾಗಬಾರದು, ಕೆಮ್ಮಬಾರದು, ಮಾತಾಡಬಾರದು. ಗುಡ್ಡ ಹತ್ತಿ ಇಳಿದು ಮಡುವಿನ ಅಂಚಿಗೆ ಬಂದು, ಚಿಕ್ಕ ಕಪ್ಪೆಯೊಂದನ್ನು ಗಾಳಕ್ಕೆ ಸಿಕ್ಕಿಸಿ ಬಿಟ್ಟ. ಒಂದು ತಾಸಿನ ಮೇಲೆ ಬೆಂಡು ಎರಡು ಸಲ ತಲೆಯಾಡಿಸಿ ಗುಳುಮ್ಮೆಂದು ಮುಳುಗಿತು. ಕೋಲು ಬಾಗಿತು. ದಾರ ಹೋಗಿ ಕೆಳಗಿನ ಬಂಡೆಗಳ ನಡುವೆ ಸಿಕ್ಕಿಕೊಂಡಿತು. ದಾರ ಹರಿದರೆ ಮೀನು ಹೋಯಿತು ಎಂಬ ಒಂದೇ ಆತುರದಲ್ಲಿ ಬದ್ರೋದ್ದೀನ ಮೊಣಕಾಲುದ್ದ ನೀರಿಗಿಳಿದು, ಎರಡು ಬಂಡೆಗಳ ನಡುವೆ ಬಲಗಾಲಿಟ್ಟು ಬಗ್ಗಿದ. ಮೇಲಿನ ಬಂಡೆ ಕದಲಿತು. ಮಲಗಿದ ಕರುವಿನಷ್ಟು ದೊಡ್ಡ ಕಲ್ಲು ಗೊರಗೊರ ಎಂದು ಜಾರಿ ಅವನ ಕಾಲಿನ ಮೇಲೆ ಕೂತುಬಿಟ್ಟಿತು.

ಅವನು ಕೂಗಲಿಲ್ಲ. ನೀರಿನ ಹತ್ತಿರ ಕೂಗಬಾರದೆಂಬ ರೂಢಿ ಆ ನೋವಿನಲ್ಲೂ ಬಾಯಿ ಕಟ್ಟಿತ್ತು. ಹಲ್ಲು ಕಚ್ಚಿ ಕಲ್ಲನ್ನು ದೂಡಿದ. ಅಲುಗಲಿಲ್ಲ. ಕಾಲು ಎಳೆದ. ಕಣ್ಣಿಗೆ ಕತ್ತಲೆ ಬಂತು. ಕೋಲನ್ನು ಕಲ್ಲಿನಡಿ ತೂರಿಸಿ ಮೀಟಿದ. ಬಿದಿರು ಲಟಕ್ಕೆಂದು ಮುರಿಯಿತು. ಆಮೇಲೆ ಕೈಯಿಂದ ಕಾಲಿನ ಸುತ್ತಲಿನ ಗರಸು ಕೆದಕಿದ. ಕೆದಕಿದಷ್ಟನ್ನೂ ನೀರು ಮತ್ತೆ ತುಂಬಿಟ್ಟಿತು. ಉಗುರು ಕಿತ್ತು ರಕ್ತ ಬಂದಾಗ ಕೈ ಬಿಟ್ಟ.

ಇನ್ನೂ ಅವನಿಗೆ ಅಷ್ಟು ಹೆದರಿಕೆ ಆಗಿರಲಿಲ್ಲ. ಹನ್ನೆರಡಕ್ಕೆ ದುಕಾನ ತೆಗೆಯುವವ ತೆಗೆಯದಿದ್ದರೆ ಸುಗರಾ ಫೋನು ಮಾಡುತ್ತಾಳೆ. ಎತ್ತದಿದ್ದರೆ ಹಾವಗೆಪ್ಪನಿಗೆ ಹೇಳುತ್ತಾಳೆ. ಭಾಲ್ಕಿ ಬಸ್ಸು ಒಂದೂವರೆಗೆ ಬರುತ್ತದೆ. ಹಾವಗೆಪ್ಪ ಬಂದೇ ಬರುತ್ತಾನೆ, ಎರಡೂ ನೀರಿನ ದಾರಿ ಬಲ್ಲವನು. ಎಲ್ಲಿಗೆ ಹೋಗ್ಯಾನ ಭಾಬಿ ಎಂದು ಕೇಳುತ್ತಾನೆ. ಎಕಂಬಾ ಅಂದಾರ ಎಂದು ಇವಳು ಹೇಳುತ್ತಾಳೆ.

ಅಲ್ಲಿಗೆ ಬಂದು ಅವನ ಲೆಕ್ಕಾಚಾರ ನಿಂತಿತು.

ಎಕಂಬಾ ಅಂದಾರ. ಹಾಗಾದರೆ ಚಿಂತಾಕಿ. ಹಾವಗೆಪ್ಪ ಒಂದು ಕ್ಷಣವೂ ತಡಮಾಡುವುದಿಲ್ಲ. ಊರಿಗೆಲ್ಲ ಆ ಗುಟ್ಟು ಬಿಡಿಸಿ ಹೇಳಿದವನೇ ಅವನು. ಗಾಡಿ ಹಿಡಿದು ನೇರ ಚಿಂತಾಕಿ ಕೆರೆಗೆ ಹೋಗುತ್ತಾನೆ, ದಂಡೆಯ ಮೇಲೆಲ್ಲ ಓಡಾಡುತ್ತಾನೆ, ನೀರಿಗೆ ಬಿದ್ದಿರಬೇಕೆಂದು ಜನರನ್ನು ಕರೆದು ಕೆರೆ ಜಾಲಾಡಿಸುತ್ತಾನೆ. ಸುಗರಾ ಕೂಡ ಹೌದೌದು ಎನ್ನುತ್ತಾಳೆ. ಅವಳಿಗೂ ಆಟ ಗೊತ್ತು. ನಿಜ ಹೇಳಿದ್ದನ್ನು ನಿಜವೆಂದು ತಿಳಿಯುವ ಒಂದು ನರಪಿಳ್ಳೆಯೂ ಔರಾದಿನಲ್ಲಿಲ್ಲ. "ಯಾ ಅಲ್ಲಾ," ಎಂದ ಬದ್ರೋದ್ದೀನ. ಅದೇ ಅವನು ಆ ನೀರಿನ ಹತ್ತಿರ ಆಡಿದ ಮೊದಲ ಮಾತು.

ಆಮೇಲೆ ಕೂಗಿದ. ಗಂಟಲು ಹರಿಯುವ ಹಾಗೆ ಕೂಗಿದ. ಬಂಡೆಗಳು ಕೂಗನ್ನು ಅಲ್ಲಲ್ಲೇ ತಿರುಗಿಸಿ ಅವನಿಗೇ ಕೊಟ್ಟವು. ಗುಡ್ಡದ ಆಚೆ ಹೊಲದಲ್ಲಿ ಯಾರೋ ದನಕ್ಕೆ ಹೋ ಎನ್ನುವುದು ಕೇಳಿಸುತ್ತಿತ್ತು. ಅವರ ದನಿ ಇವನಿಗೆ ಕೇಳುತ್ತಿದೆ, ಇವನ ದನಿ ಅವರಿಗೆ ಮುಟ್ಟುತ್ತಿಲ್ಲ. ತೋಡಿದ ಬಾವಿಯೊಳಗೆ ನಿಂತವನ ಗತಿಯಾಗಿತ್ತು ಅವನದು.

ಹೊತ್ತು ನೆತ್ತಿಗೆ ಬರುವಾಗ ಮೋಡ ಬಂತು. ಮಡುವಿನ ಮೇಲೆ ಒಂದು ಹನಿಯೂ ಬೀಳಲಿಲ್ಲ. ಮಳೆ ಮೇಲೆ, ಹಳ್ಳ ಹುಟ್ಟುವ ಕಡೆ ಹಿಡಿದಿತ್ತು. ಗಾಳಿಯಲ್ಲಿ ಮಣ್ಣಿನ ವಾಸನೆ ಬಂತು. ಹಳ್ಳದ ಗುಣ ಅವನಿಗೆ ಗೊತ್ತು. ಮಳೆ ಎಲ್ಲಿ ಬಿದ್ದರೂ ನೀರು ಇಲ್ಲಿಗೇ ಬರಬೇಕು. ಮೊದಲು ಕಡ್ಡಿ ಕಸ ತೇಲಿ ಬಂದವು. ಆಮೇಲೆ ನೊರೆ. ಆಮೇಲೆ ಕಪ್ಪಗಿದ್ದ ನೀರು ಕೆಂಪಗಾಯಿತು. ಮೊಣಕಾಲಿಗಿದ್ದದ್ದು ತೊಡೆಗೆ ಬಂತು.

ಅವನು ಎದುರಿನ ಬಂಡೆಯ ಮೇಲಿನ ಒಂದು ಬಿರುಕನ್ನು ಗುರುತು ಹಿಡಿದು ನೋಡುತ್ತ ನಿಂತ. ನೋಡಬಾರದೆಂದುಕೊಂಡು ಕಣ್ಣು ಮುಚ್ಚುವುದು, ಎಷ್ಟು ಏರಿತೋ ಎಂಬ ಭಯಕ್ಕೆ ಮತ್ತೆ ತೆರೆಯುವುದು. ಒಮ್ಮೆ ಬಿರುಕು ಕಂಡಿತು. ಇನ್ನೊಮ್ಮೆ ಅರ್ಧ ಕಂಡಿತು. ಮತ್ತೊಮ್ಮೆ ತೆರೆದಾಗ ಬಿರುಕು ಇರಲಿಲ್ಲ. ನೀರು ಸೊಂಟದ ಮೇಲೆ ಬಂದಿತ್ತು. ಸೆಳವು ಮೈಯನ್ನು ಒಂದು ಕಡೆ ಎಳೆಯುತ್ತಿತ್ತು, ಕಲ್ಲು ಕಾಲನ್ನು ಇನ್ನೊಂದು ಕಡೆ ಹಿಡಿದಿತ್ತು. ಬಿದ್ದರೆ ಮೇಲೇಳಲಾಗುವುದಿಲ್ಲ ಎಂದು ಬಂಡೆಯ ಮೂಲೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡ.

ಹೆದರಿದ ಮನುಷ್ಯನ ತಲೆ ಎಲ್ಲೆಲ್ಲೋ ಓಡುತ್ತದೆ. ಗಿರಾಕಿಯೊಬ್ಬರಿಗೆ ನಾಳೆ ಕೊಡಬೇಕಾದ ಜೋಡಿ ಗಾದಿ ನೆನಪಾಯಿತು. ಬೀದರಿನಲ್ಲಿರುವ ಮಗಳು ಅರ್ಶಿಯಾ ನೆನಪಾದಳು. ತನ್ನ ಹೆಣ ಯಾವಾಗ ಸಿಗಬಹುದು, ಅದನ್ನು ನೋಡಿ ಹಾವಗೆಪ್ಪ ಏನೆನ್ನಬಹುದು ಎಂದೂ ಯೋಚಿಸಿದ. "ಮಗನ, ಒಮ್ಮೆ ಖರೇ ಹೇಳಿ ಸತ್ತೆಲ್ಲೋ," ಎಂದು ಅವನು ಬೋರಾಡಿ ಅಳುವುದು ಕಣ್ಣಿಗೆ ಕಟ್ಟಿತು. ಆ ಭಯದಲ್ಲೂ ಅವನಿಗೆ ಗೆಳೆಯನ ಮೇಲೆ ಸಿಟ್ಟು ಬಂತು. ಇಷ್ಟು ಶಾಣ್ಯಾ ಯಾಕಾದ ಈ ಮನುಷ್ಯ? ಏನೂ ತಿಳಿಯದ ಯಾವನಾದರೂ ಪೆದ್ದ ಹುಡುಕಲು ಹೊರಟಿದ್ದರೆ ನೇರವಾಗಿ ಇಲ್ಲಿಗೇ ಬರುತ್ತಿದ್ದ.

ನೀರು ಎದೆಗೆ ಬಂತು. ಬೆರಳುಗಳು ಸೆಟೆದು ಬಂಡೆ ಹಿಡಿದಿವೆಯೋ ಬಿಟ್ಟಿವೆಯೋ ತಿಳಿಯದಾಯಿತು. ಕಲಿಮಾ ಓದಲು ಶುರು ಮಾಡಿದ. ನಡುವೆ ಮರೆತ. ಬಾಲ್ಯದಿಂದ ಬಾಯಿಪಾಠವಿದ್ದದ್ದು ಮರೆತುಹೋಯಿತಲ್ಲ ಎಂದು ಇನ್ನೂ ಹೆದರಿ, ಮತ್ತೆ ಮೊದಲಿಂದ ಶುರು ಮಾಡಿದ.

ಮೂರನೆಯ ಸಲವೋ ನಾಲ್ಕನೆಯ ಸಲವೋ ಓದುತ್ತಿರುವಾಗ ಮೇಲಿನಿಂದ ಸಣ್ಣ ಕಲ್ಲುಗಳು ಉರುಳಿ ಬಂದವು. ಗುಡ್ಡವೇ ಕುಸಿಯುತ್ತಿದೆ ಎಂದು ತಲೆ ಬಗ್ಗಿಸಿದ.

"ಅಲ್ಲೇ ಅದಾರ! ಅಲ್ಲೇ ಅದಾರ್ರೀ! ನಾ ಹೇಳಲಿಲ್ಲ?"

ಸುಗರಾಳ ದನಿ. ಐವತ್ತು ದಾಟಿದ, ಮೊಣಕಾಲು ನೋವಿನ ಸುಗರಾ ಕೂತುಕೊಂಡೇ ಬಂಡೆಯಿಂದ ಬಂಡೆಗೆ ಜಾರಿ ಬರುತ್ತಿದ್ದಳು. ಹಿಂದೆ ಓಣಿಯ ಆಟೋದ ಸಲಾವೋದ್ದೀನ. ಅವನ ಹಿಂದೆ, ಬದುವಿನಲ್ಲಿ ಸ್ಕೂಟರು ಕಂಡ ಹೊಲದ ಮಾಲೀಕ ಅಮಿತಕುಮಾರ, ಹೆಗಲ ಮೇಲೆ ಕಬ್ಬಿಣದ ಹಾರೆ. ಇಬ್ಬರು ಗಂಡಸರೂ ಹಗ್ಗ ಸುತ್ತಿಕೊಂಡು ನೀರಿಗಿಳಿದರು. ಹಾರೆ ತೂರಿಸಿ ಮೀಟಿದ್ದು ಎರಡು ಸಲ ಜಾರಿತು. ಅಷ್ಟರಲ್ಲಿ ನೀರು ಬದ್ರೋದ್ದೀನನ ಗದ್ದ ಮುಟ್ಟಿತ್ತು. ಸುಗರಾ ಬಂಡೆಯ ಮೇಲೆ ಬೋರಲು ಮಲಗಿ ಅವನ ಎರಡೂ ಕಂಕುಳಲ್ಲಿ ಕೈ ಹಾಕಿ ಹಿಡಿದಿದ್ದಳು. ಮೂರನೆಯ ಸಲ ಕಲ್ಲು ಮಗ್ಗುಲಾಯಿತು.

ಆಟೋದಲ್ಲಿ ಅವನನ್ನು ಅಡ್ಡ ಮಲಗಿಸಿ, ಕಾಲಿಗೆ ತನ್ನ ಓಢ್ಣಿ ಬಿಗಿದು, ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಸುಗರಾ ಕೂತಳು. ಮೊಣಕಾಲ ಕೆಳಗೆ ಎಲುಬು ಮುರಿದದ್ದು ಕಣ್ಣಿಗೇ ಕಾಣುತ್ತಿತ್ತು. ಬದ್ರೋದ್ದೀನನಿಗೆ ನಡುಕ ನಿಂತಿರಲಿಲ್ಲ. ಹಲ್ಲು ಕಟಕಟ ಎನ್ನುತ್ತಿದ್ದವು. ಆದರೂ ಕೇಳಿದ.

"ಹಾವಗೆಪ್ಪ ಎಲ್ಲಿ?"

"ಚಿಂತಾಕಿಗಿ ಹೋಗ್ಯಾನ್ರಿ, ಬಾಜೂಮನಿ ಆಸಿಫನ ಗಾಡಿ ಮ್ಯಾಲ," ಎಂದಳು ಸುಗರಾ. ಅಳು, ನಗು ಎರಡೂ ಸೇರಿ ಅವಳ ದನಿ ಒಡೆದಿತ್ತು. "ಏನಂದ ಗೊತ್ತೇನ್ರಿ? ಭಾಬಿ, ಅವ ಎಕಂಬಾ ಅಂದ್ರ ಚಿಂತಾಕಿ ಅಂತ ತಿಳೀರಿ, ಅವ ಯಾವಾಗೂ ಉಲ್ಟಾ ಹೇಳ್ತಾನ ಅಂದ. ಚಹಾದಂಗಡಿ ಮಂದಿ ಎಲ್ಲಾ ಹೌದೌದು ಅಂದ್ರು. ನಾ ಅಂದೆ, ನಿಮಗ ಹಂಗ ಹೇಳಿರಬೇಕ್ರಿ ಅಣ್ಣಾ, ನನಗ ಹೇಳಂಗಿಲ್ಲ. ನಮ್ಮವ್ರು ನನಗ ಎಕಂಬಾ ಅಂದಾರ, ಎಕಂಬಾದಾಗೇ ಇರ್ತಾರ."

ಬದ್ರೋದ್ದೀನ ಅವಳ ಮುಖ ನೋಡಿದ. ಇವಳಿಗೆ ಗೊತ್ತೇ ಇರಲಿಲ್ಲ. ಬಾಗಿಲಲ್ಲಿ ನಿಂತು ಕೇಳಿದ ಪ್ರತಿ ದಿನವೂ ಇವಳು ನಂಬಿದ್ದಳು. ಅವನು ಚಿಂತಾಕಿ ಎಂದ ದಿನವೆಲ್ಲ ಇವಳ ಮನಸ್ಸು ಚಿಂತಾಕಿಯ ದಂಡೆಯಲ್ಲೇ ಕೂತಿತ್ತು.

"ಆ ಮಂದಿ ಮುಂದ ನಾ ಹ್ಯಾಂಗ ನಿಂತಿದ್ದೆ ಅಂತೀರಿ," ಎಂದು ಅವಳು ಓಢ್ಣಿಯ ಗಂಟು ಸರಿಪಡಿಸುತ್ತ ಹೇಳಿದಳು. "ಇವತ್ತ ಎಲ್ಲರ ಬಾಯಿ ಮುಚ್ಚಿತು. ಅಮ್ಮಿ ತೀರಿದ ದಿನಾನೂ ಹಿಂಗೇ ಆಗಿತ್ರಿ, ನಿಮಗ ಹೇಳಿಲ್ಲ ನಾ. ನಿಮ್ಮ ಅಮ್ಮಿ ಮಗಂಗ ಕರೀರಿ, ಮಗನ ಮುಖ ನೋಡ್ತೇನಿ ಅಂತಿದ್ರು. ನೀವು ಚಿಂತಾಕಿ ಅಂದು ಹೋಗಿದ್ರಿ. ನಮ್ಮ ಖಾಸಿಂ ಅಲಿಗಿ ಓಡಿಸಿದೆ. ತಾಸೊತ್ತಿಗಿ ತಿರುಗಿ ಬಂದು, ಆಪಾ, ಕೆರಿ ಮ್ಯಾಲ ಯಾರೂ ಇಲ್ಲ ಅಂದ. ಮತ್ತ ಕಳಿಸಿದೆ, ಮತ್ತ ಅದೇ ಅಂದ. ಅಮ್ಮಿ ಬಾಗಲ ಕಡಿ ನೋಡಕೋತನೇ ಹೋದ್ರು. ಹಾಳಾದವ, ಅರ್ಧ ದಾರಿಗಿ ಯಾವುದೋ ಹೋಟಲ್‌ನಾಗ ಕುಂತು ಬಂದಿದ್ದ. ಕುರಾನಿನ ಆಣಿ ಮಾಡಿ ಸುಳ್ಳ ಹೇಳಿದ. ಅವತ್ತೇ ಅಂದೆ, ಇನ್ನ ಮ್ಯಾಲ ನನ್ನ ಹೊಸ್ತಲ ತುಳೀಬ್ಯಾಡ."

ಖಾಸಿಂ ಅಲಿ ಅವಳ ಒಬ್ಬನೇ ತಮ್ಮ. ಭಾಲ್ಕಿಯಲ್ಲಿರುತ್ತಾನೆ. ಹದಿನಾರು ವರ್ಷದಿಂದ ಅಕ್ಕ ತಮ್ಮನ ನಡುವೆ ಮಾತಿಲ್ಲ. ಅರ್ಶಿಯಾಳ ಮದುವೆಗೆ ಸೋದರಮಾವ ಬಂದು ಬೀದಿಯಲ್ಲೇ ನಿಂತು ವಾಪಸು ಹೋಗಿದ್ದ. ತವರಿನ ಮನೆ ಹಂಚಿಕೆಯ ಜಗಳವಿರಬೇಕೆಂದು ಬದ್ರೋದ್ದೀನ ಅದರಲ್ಲಿ ತಲೆ ಹಾಕಿರಲಿಲ್ಲ.

ಆಟೋ ಕುಲುಕುತ್ತ ಡಾಂಬರು ರಸ್ತೆಗೆ ಬಂತು. ಸುಗರಾಳ ಮುಖದಲ್ಲಿ ಎಷ್ಟೋ ವರ್ಷದಿಂದ ಕಾಣದ ಗೆಲುವಿತ್ತು. ತಾನು ಬಾಯಿ ಮುಚ್ಚಿಕೊಂಡಿದ್ದರೆ ಅದು ಹಾಗೇ ಇರುತ್ತದೆ. ಹಾವಗೆಪ್ಪನ ಮಾತು ಇಂದು ಊರೆದುರು ಸುಳ್ಳಾಗಿದೆ. ಇನ್ನು ಯಾರು ಏನು ಹೇಳಿದರೂ ಅವಳು ಕೇಳುವವಳಲ್ಲ. ಗದ್ದದ ತನಕ ನೀರು ಬಂದಾಗಲೂ ಬದ್ರೋದ್ದೀನನಿಗೆ ಇಂಥ ಭಯವಾಗಿರಲಿಲ್ಲ. ಅಲ್ಲಿ ಹಿಡಿದುಕೊಳ್ಳಲು ಬಂಡೆಯಾದರೂ ಇತ್ತು.

"ಸುಗರಾ," ಎಂದ.

"ಏನ್ರಿ? ಭಾಳ ನೋಯ್ತದೇನು?"

"ಖಾಸಿಂ ಸುಳ್ಳ ಹೇಳಿಲ್ಲ. ಅವತ್ತ ನಾ ಚಿಂತಾಕಿಗಿ ಹೋಗೇ ಇಲ್ಲ. ಇಲ್ಲೇ ಇದ್ದೆ, ಎಕಂಬಾದಾಗ. ಹಾವಗೆಪ್ಪ ಅಂದಿದ್ದು ಖರೇ ಅದ. ನಿನಗೂ ಯಾವಾಗೂ ಉಲ್ಟಾನೇ ಹೇಳೀನಿ. ಇವತ್ತ ಒಂದಿನ ಬಿಟ್ಟು."

ಓಢ್ಣಿಯ ಗಂಟಿನ ಮೇಲಿದ್ದ ಅವಳ ಕೈ ನಿಂತಿತು. ಅವಳು ಅವನನ್ನು ನೋಡಲಿಲ್ಲ, ಹೊರಗೆ ಸರಿಯುತ್ತಿದ್ದ ತೊಗರಿ ಹೊಲಗಳನ್ನೂ ನೋಡಲಿಲ್ಲ. ಔರಾದಿನ ಮೊದಲ ಮನೆಗಳು ಬಂದವು. ಆಮೇಲೆ ಅವನ ಕಾಲನ್ನು ಎರಡೂ ಕೈಯಲ್ಲಿ ಮೆಲ್ಲಗೆ ಎತ್ತಿ, ನೋಯದ ಹಾಗೆ ಸೀಟಿನ ಮೇಲಿಟ್ಟು, ಮುಂದಕ್ಕೆ ಬಾಗಿದಳು.

"ಸಲಾವೋದ್ದೀನ ಭೈಯಾ, ಇವರಿಗಿ ದವಾಖಾನಿದಾಗ ಇಳಿಸ್ರಿ. ಆಮ್ಯಾಲ ನನಗ ಭಾಲ್ಕಿ ಬಸ್ಸಿಗಿ ಬಿಡ್ರಿ."